ಗುರುವಾರದ ಬೆಡ್‌ಶೀಟುಗಳು

ಯೇವ್ಲೆ,
ಸೋಮವಾರ, ಏಪ್ರಿಲ್ ೨೪

ಮಗಳು ಇಲ್ವಾಗೆ,

ಶನಿವಾರ ಫೋನಿನಲ್ಲಿ ನೀನು ಮಾತಾಡಿದೆ, ನಾನು ಕೇಳಿಸಿಕೊಂಡೆ. ಈಗ ನಾನು ಬರೆಯುತ್ತೇನೆ, ನೀನು ಓದು. ಕಾಗದದಲ್ಲಿ ಒಂದು ಅನುಕೂಲವಿದೆ, ಎದುರಿನವರಿಗೆ ನಡುವೆ ಬಾಯಿ ಹಾಕಲು ಬರುವುದಿಲ್ಲ. ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು ಆಗಿದ್ದರೆ ಪೆನ್ನನ್ನು ಬೈದುಕೋ. ಯಾವುದೋ ಬಣ್ಣದ ಅಂಗಡಿಯವರು ಪುಕ್ಕಟೆ ಕೊಟ್ಟ ಪೆನ್ನು ಇದು. ಪುಕ್ಕಟೆ ಸಿಕ್ಕಿದ್ದರ ಬುದ್ಧಿ ತೋರಿಸುತ್ತಿದೆ.

ಮೊದಲು ಮುಖ್ಯವಾದದ್ದು. ಯೋಸ್ಟ್ ಜೊತೆ ಇನ್ನು ಕೆಲಸ ಮಾಡುವುದು ಸಾಧ್ಯವಿಲ್ಲ, ಈ ಶುಕ್ರವಾರ ಎರಡೂ ವಿಶ್ವವಿದ್ಯಾಲಯಗಳಿಗೆ ಬರೆದು ಜಂಟಿ ಅಧ್ಯಯನವನ್ನು ಮುಗಿಸಿಬಿಡುತ್ತೇನೆ ಎಂದೆಯಲ್ಲ, ಅದನ್ನು ಬರೆಯಬೇಡ. ಈ ಕಾಗದ ಓದಿ ಮುಗಿಸುವವರೆಗಾದರೂ ಬರೆಯಬೇಡ. ಒಣಗಿಸುವ ಕೋಣೆಯಲ್ಲಿ ಹೊತ್ತು ಮೀರಿ ತೂಗಾಡುತ್ತಿದ್ದ ಬಟ್ಟೆ ಅವನದಲ್ಲ. ನನ್ನದು.

ಹೌದು, ನನ್ನದು. ಆ ಸಾಲನ್ನು ಎರಡು ಸಲ ಓದಬೇಕಾಗಿಲ್ಲ.

ಫೆಬ್ರವರಿಯಲ್ಲಿ ಅವನನ್ನು ನನ್ನ ಬಾಗಿಲಿಗೆ ತಂದು ನಿಲ್ಲಿಸಿದವಳು ನೀನೇ. "ಅಮ್ಮ, ಬೇಸಿಗೆವರೆಗೆ ಅಷ್ಟೇ. ನನ್ನ ಹಳೇ ರೂಮ್ ಕೊಡು. ಅವನು ಸುಮ್ನೆ ಕೂತು ನೋಡ್ತಾನೆ, ಬರ್ಕೋತಾನೆ. ನೀನು ಮಾತ್ರ ಅವನಿಗೆ ಏನೂ ಕಲಿಸೋಕ್ ಹೋಗ್ಬೇಡ" ಎಂದೆ. ಕಲಿಸಬಾರದಂತೆ! ಬ್ರೆಡ್ಡಿಗೆ ಬೆಣ್ಣೆ ಹಚ್ಚಿ, ಅದರ ಮೇಲೆ ಮಕ್ಕಳ ಹುಟ್ಟುಹಬ್ಬದ ಕೇಕಿಗೆ ಉದುರಿಸುವ ಚಾಕೊಲೇಟ್ ಚೂರುಗಳನ್ನು ಸುರಿದುಕೊಂಡು, ಇದೇ ನಮ್ಮ ಡಚ್ಚರ ಬೆಳಗಿನ ತಿಂಡಿ ಎನ್ನುವ ಗಂಡಸು. ಮೇಜಿನ ಮೇಲೆಲ್ಲ ಇಲಿ ಓಡಾಡಿದ ಹಾಗೆ ಕಾಣುತ್ತದೆ. ಆದರೂ ನಾನು ಬಾಯಿ ಬಿಡಲಿಲ್ಲ. ನಿನ್ನ ಅಧ್ಯಯನ ಕೆಡಬಾರದಲ್ಲ.

ಅಧ್ಯಯನ ಏನೆಂದು ನನಗೆ ತಿಳಿಯುವುದಿಲ್ಲ ಎಂದುಕೊಂಡಿದ್ದೀಯೆ. ತಿಳಿಯುತ್ತದೆ. ಸುಸ್ಥಿರ ಗ್ರಾಹಕ ವರ್ತನೆ ಎಂಬ ಉದ್ದದ ಹೆಸರನ್ನು ಬದಿಗಿಟ್ಟರೆ ಉಳಿಯುವುದು ಇಷ್ಟು. ಅವನ ಊರು ಉತ್ರೆಕ್ಟ್‌ನಲ್ಲಿ ಒಂದು ಕಟ್ಟಡದ ತಳದಲ್ಲಿ ಹೊಳೆಯುವ ಹೊಸ ಬಟ್ಟೆ ಒಗೆಯುವ ಯಂತ್ರಗಳನ್ನಿಟ್ಟು, ಎಲ್ಲರೂ ಹಂಚಿಕೊಂಡು ಬಳಸಿ ಎಂದು ಕರೆದರು. ಒಬ್ಬರೂ ಕೆಳಗಿಳಿಯಲಿಲ್ಲ. ಮನೆಮನೆಗೂ ಸ್ವಂತ ಯಂತ್ರ, ಅರ್ಧ ತುಂಬಿಸಿ ತಿರುಗಿಸುತ್ತಾರೆ. ಇಲ್ಲಿ ನಮ್ಮ ಕಟ್ಟಡದಲ್ಲಿ ಅಷ್ಟೂ ಮನೆಗಳಿಗೆ ನೆಲಮಾಳಿಗೆಯಲ್ಲಿ ಎರಡೇ ಯಂತ್ರ, ನೀನು ತೊಟ್ಟಿಲಲ್ಲಿದ್ದಾಗಿನಿಂದ. ಹೊಸದೊಂದು ಯಂತ್ರ ಕೊಳ್ಳಬೇಕೆಂದು ಯಾರಿಗೂ ಏಕೆ ಅನ್ನಿಸಿಲ್ಲ? ಇದನ್ನು ಕಂಡುಹಿಡಿಯಲು ಎರಡು ದೇಶಗಳು ಸೇರಿ ನಿಮ್ಮಿಬ್ಬರನ್ನು ಜೋಡಿಸಿವೆ. ನನ್ನನ್ನು ಕೇಳಿದ್ದರೆ ಒಂದು ಕಪ್ ಕಾಫಿ ಮುಗಿಯುವಷ್ಟರಲ್ಲಿ ಹೇಳುತ್ತಿದ್ದೆ: ಹೆದರಿಕೆ. ಹೊತ್ತು ಕಾಯ್ದಿರಿಸುವ ಹಲಗೆಯ ಮೇಲೆ ತಮ್ಮ ಮನೆಯ ಪುಟ್ಟ ಬೀಗವನ್ನು ಯಾವ ಹೊತ್ತಿಗೆ ಸಿಕ್ಕಿಸಿದ್ದಾರೋ ಆ ಹೊತ್ತಿಗೆ ಬರಬೇಕು, ಆ ಹೊತ್ತಿಗೆ ಬಿಡಬೇಕು, ಯಂತ್ರದಲ್ಲಿ ಬಟ್ಟೆಯ ಜುಂಗು ಹಿಡಿಯುವ ಜಾಲರಿ ತೊಳೆದಿಡಬೇಕು. ತಪ್ಪಿದರೆ ಬಾಗಿಲ ಮೇಲೆ ನನ್ನ ಚೀಟಿ. ನಾನು ಕಟ್ಟಡದ ಸಂಘದ ಅಧ್ಯಕ್ಷೆಯಾದಂದಿನಿಂದ ಆ ಕೋಣೆ ನಡೆದಿರುವುದು ಹಾಗೆ ಎಂದು ನಂಬಿದ್ದೆ.

ನಂಬಿದ್ದೆ ಎಂದು ಬರೆದಿದ್ದೇನೆ. ಅದಕ್ಕೆ ಆಮೇಲೆ ಬರುತ್ತೇನೆ.

ನಿಮ್ಮ ನಿಯಮವನ್ನೂ ನಾನು ಬಲ್ಲೆ. ನೋಡುವವನು ನೋಡಬೇಕು ಅಷ್ಟೆ. ಆ ಕೋಣೆಯಲ್ಲಿ ತನ್ನ ಕಾಲುಚೀಲವನ್ನೂ ಒಗೆಯಬಾರದು, ಯಾರ ಕೆಲಸಕ್ಕೂ ಕೈ ಹಾಕಬಾರದು. ಈ ನಿಯಮ ಬರೆದವನೇ ಯೋಸ್ಟ್. ಹಾಗಾಗಿ ಅವನೇ ಬೇರೆಯವರ ಹೊತ್ತಿನಲ್ಲಿ ಬಟ್ಟೆ ಒಗೆದು ತೂಗುಹಾಕಿದ ಎಂದು ಸಂಘದ ಕಾರ್ಯದರ್ಶಿ ರೂನೆಯ ದೂರು ಬಂದಾಗ ನಿನಗೆ ಸಿಟ್ಟು ಬಂದದ್ದು ಸರಿಯೇ. ನಾನೇ ನಿನ್ನ ಜಾಗದಲ್ಲಿದ್ದರೂ ಕಿವಿ ಹಿಂಡುತ್ತಿದ್ದೆ. ಆದರೆ ಸಿಟ್ಟು ಸರಿಯಾದ ಮನೆಯ ಬಾಗಿಲು ತಟ್ಟಬೇಕು.

ಇಲ್ಲಿಗೆ ನಿಲ್ಲಿಸುತ್ತೇನೆ. ಕೆಲಸವಿದೆ.

ಮಂಗಳವಾರ

ನಿನ್ನೆ ಬಿಟ್ಟಲ್ಲಿಂದ.

ಗುರುವಾರ ಬೆಳಿಗ್ಗೆ ಎಂಟರಿಂದ ಹನ್ನೆರಡು ನನ್ನ ಹೊತ್ತು. ಅದು ಯಾವಾಗಲೂ ನನ್ನದೇ. ಹನ್ನೆರಡರಿಂದ ಎರಡನೇ ಮಹಡಿಯ ಹೊದಾನ್‌ಳ ಹೊತ್ತು. ಆ ಸೊಮಾಲಿ ಹುಡುಗಿ ನಿನಗೆ ಗೊತ್ತು, ಅವಳಿ ಮಕ್ಕಳ ತಾಯಿ. ಕಳೆದ ಗುರುವಾರ ನಾನು ದೊಡ್ಡ ಬೆಡ್‌ಶೀಟುಗಳನ್ನು ಒಗೆದಿದ್ದೆ. ಮದುವೆಗೆ ಮುಂಚೆ ನಾನೇ ಕೆಂಪು ದಾರದಲ್ಲಿ ಮೂಲೆಗೆ ನನ್ನ ಹೆಸರಿನ ಎರಡು ಅಕ್ಷರ ಕಸೂತಿ ಹಾಕಿದ ಅಗಸೆ ನಾರಿನ ಲಿನನ್ ಬಟ್ಟೆಯವು. ನೆನೆದರೆ ಕರುವಿನಷ್ಟು ಭಾರ. ಅವನ್ನು ತೂಗುಹಾಕಿ, ಸ್ವಲ್ಪ ಕೂತು ಬರೋಣವೆಂದು ಮೇಲೆ ಬಂದೆ. ತಡವಾಯಿತು. ಏಕೆ ತಡವಾಯಿತು ಎಂದು ಕೇಳಬೇಡ, ತಡವಾಯಿತು.

ನಾನು ಇಳಿದು ಹೋಗುವ ಹೊತ್ತಿಗೆ ಹನ್ನೆರಡು ದಾಟಿ ಎಷ್ಟೋ ಆಗಿತ್ತು. ಮೆಟ್ಟಿಲ ತಿರುವಿನಲ್ಲೇ ರೂನೆಯ ದನಿ ಕೇಳಿಸಿತು. ನಮ್ಮ ಕಾರ್ಯದರ್ಶಿಯಾದ ಅವನಿಗೆ ದಿನಕ್ಕೊಮ್ಮೆ ಆ ಜಾಲರಿಯನ್ನು ಇಣುಕಿ ನೋಡದಿದ್ದರೆ ಊಟ ಸೇರುವುದಿಲ್ಲ. "ಯಾರ್ದಿದು? ಹೊತ್ತು ಗೊತ್ತು ಬೇಡ್ವಾ ಜನಕ್ಕೆ?" ಎನ್ನುತ್ತಿದ್ದ. ಹೊದಾನ್ ಕಂಕುಳಲ್ಲಿ ಒಂದು ಮಗು, ಕೈಯಲ್ಲಿ ವಾಂತಿಯಾದ ಬಟ್ಟೆಯ ಬುಟ್ಟಿ ಹಿಡಿದು ನಿಂತಿದ್ದಳು. ನಾನು ಬಾಗಿಲಿಗೆ ಬಂದೆ. ಬಾಯಿ ತೆರೆದೆ. ಅಷ್ಟರಲ್ಲಿ ಮೂಲೆಯ ಸ್ಟೂಲಿನಿಂದ ಯೋಸ್ಟ್ ಎದ್ದು ನಿಂತ. ಆರೂವರೆ ಅಡಿ ಮನುಷ್ಯ ಎದ್ದರೆ ದೀಪಕ್ಕೆ ತಲೆ ತಗಲುತ್ತದೆ. ತಗಲಿತು.

"ನಂದು" ಎಂದ.

ರೂನೆ ಬೆಡ್‌ಶೀಟಿನ ಮೂಲೆ ಹಿಡಿದು ನೋಡಿದ. ನನ್ನನ್ನು ನೋಡಿದ. ಮತ್ತೆ ಯೋಸ್ಟ್‌ನನ್ನು ನೋಡಿದ. ಆಮೇಲೆ ಶುರುವಾಯಿತು. "ಹೌದೇನಯ್ಯಾ! ನಿಂದಾ! ನಿಮ್ಮ ದೇಶದಲ್ಲಿ ಗಡಿಯಾರ ತೂಗು ಹಾಕಲ್ವಾ? ಹನ್ನೆರಡು ಅಂದ್ರೆ ಹನ್ನೆರಡು! ಪಾಪ, ಆ ಹುಡ್ಗಿ ಮಗು ಎತ್ಕೊಂಡು ಎಷ್ಟೊತ್ತು ನಿಂತ್ಕೋಬೇಕು? ಸೈಕಲ್ ಓಡಿಸ್ಕೊಂಡು ಬದುಕೋ ಜನ, ನಿಮಗೆಲ್ಲಿ ಗೊತ್ತಾಗ್ಬೇಕು ಹೊತ್ತಿನ ಬೆಲೆ!" ರೈಲು ಓಡಿಸಿ ನಿವೃತ್ತನಾದವನು, ಒಮ್ಮೆ ಹೊರಟರೆ ಮುಂದಿನ ನಿಲ್ದಾಣದವರೆಗೆ ನಿಲ್ಲುವುದಿಲ್ಲ.

"ತಪ್ಪಾಯ್ತು" ಎಂದ ಯೋಸ್ಟ್, ತಲೆ ಉಜ್ಜಿಕೊಳ್ಳುತ್ತ.

ಹೊದಾನ್ ಒಬ್ಬಳೇ ಶಾಂತವಾಗಿದ್ದಳು. "ಹೋಗ್ಲಿ ಬಿಡಿ ರೂನೆ ಅವ್ರೇ. ನೋಡಿ, ಎಷ್ಟು ಚೆನ್ನಾಗಿದೆ ಈ ಬೆಡ್‌ಶೀಟು. ಕಸೂತಿ ಯಾರು ಹಾಕಿದ್ದು, ಯೋಸ್ಟ್? ನಿಮ್ಮ ತಾಯೀನಾ?"

"ಹೂಂ... ಅಮ್ಮ" ಎಂದ ಅವನು. ಕಿವಿ ಬೀಟ್‌ರೂಟಿನ ಹಾಗೆ ಕೆಂಪಾಗಿತ್ತು.

ನಾನು ಆ ಬಾಗಿಲಲ್ಲೇ ಇದ್ದೆ, ಮಗಳೇ. ಇಡೀ ಕಟ್ಟಡಕ್ಕೆ ಹೊತ್ತಿನ ಪಾಠ ಹೇಳಿದ ನಾನು, ನಾಲಿಗೆ ಅಂಗುಳಕ್ಕೆ ಅಂಟಿಕೊಂಡವಳಂತೆ ನಿಂತಿದ್ದೆ. ಅವನು ನನ್ನ ಬೆಡ್‌ಶೀಟುಗಳನ್ನೆಲ್ಲ ಬಾಚಿ ಎದೆಗೊತ್ತಿಕೊಂಡು ನನ್ನ ಪಕ್ಕದಲ್ಲೇ ಮೆಟ್ಟಿಲು ಹತ್ತಿ ಹೋದ.

ಮನೆಗೆ ಬಂದು ಕೇಳಿದೆ, "ಯಾಕೋ ಹಾಗೆ ಹೇಳ್ದೆ?" ಎಂದು. "ನೀವು ಚೀಟಿ ಬರೆಯೋರು. ನಿಮ್ಮ ಚೀಟಿ ನಿಮ್ಮ ಬಾಗಿಲಿಗೇ ಅಂಟಿಸೋಕಾಗುತ್ತಾ?" ಎಂದ. ಆಮೇಲೆ ಮೆಲ್ಲಗೆ, "ಇಲ್ವಾಗೆ ನಿಜ ಹೇಳೋಣ್ವಾ?" ಎಂದ. ಹೇಳಕೂಡದು, ಮಾತು ಕೊಡು ಎಂದೆ. ಕೊಟ್ಟ. ಅದಕ್ಕೇ ನೀನು ಫೋನಿನಲ್ಲಿ ಅಷ್ಟೆಲ್ಲ ಅಂದಾಗಲೂ ಅವನು ಒಂದೇ ಒಂದು ಕಾರಣ ಹೇಳಲಿಲ್ಲ. ಜವಾಬ್ದಾರಿಯಿಲ್ಲದವನು ಎಂದು ನೀನು ಅಂದೆ, ಹೂಂ ಎಂದ. ಎರಡು ವರ್ಷದ ಕೆಲಸ ಹಾಳು ಮಾಡಿದೆ ಎಂದೆ, ಹೂಂ ಎಂದ. ನಾನು ಅಡುಗೆಮನೆಯಲ್ಲಿದ್ದೆ, ಎಲ್ಲ ಕೇಳಿಸಿತು. ಅಂಥ ದಡ್ಡನನ್ನು ನಾನು ಕಂಡಿಲ್ಲ. ನಾನು ಮಾತು ಕೊಡು ಎಂದೆನೆಂದು ಕೊಟ್ಟುಬಿಡುವುದೇ?

ಇನ್ನೊಂದು. ಮಾರ್ಚಿನಲ್ಲಿ ಒಂದು ದಿನ ಕೋಣೆಗೆ ಹೋಗದೆ ಕೆಲಸ ತಪ್ಪಿಸಿದ ಎಂದು ಬೈದಿದ್ದೆಯಲ್ಲ, ಅದೂ ಅವನ ಸೋಮಾರಿತನವಲ್ಲ. ಅದನ್ನು ಸದ್ಯಕ್ಕೆ ಬಿಡು.

ಬುಧವಾರ

ಕಾಫಿ ಕುಡಿದು ಕೂತಿದ್ದೇನೆ. ಯೋಸ್ಟ್ ಆಲೂಗೆಡ್ಡೆ ಸುಲಿಯುತ್ತಿದ್ದಾನೆ. ಅಷ್ಟು ದಪ್ಪ ಸಿಪ್ಪೆ ತೆಗೆದರೆ ಆಲೂಗೆಡ್ಡೆಯಲ್ಲಿ ಉಳಿಯುವುದೇನು? ಸಂಪನ್ಮೂಲದ ಮಿತಬಳಕೆಯ ಬಗ್ಗೆ ಭಾಷಣ ಮಾಡುವವನು. ಹೇಳಿದೆ. "ಕಲಿಸ್ಬಾರ್ದು ಅಂತ ನಿಮ್ಮ ಮಗಳು ಹೇಳಿಲ್ವಾ?" ಎಂದು ನಗುತ್ತಾನೆ. ಶುಕ್ರವಾರದ ರೈಲಿಗೆ ಟಿಕೆಟ್ ತೆಗೆದಿದ್ದಾನೆ, ನಿನಗೆ ತಿಳಿದಿರಲಿ. ನಿನ್ನ ಕೋಣೆಯಲ್ಲಿ ಅವನ ಪೆಟ್ಟಿಗೆ ಬಾಯಿ ತೆರೆದುಕೊಂಡು ಬಿದ್ದಿದೆ.

ಈಗ ರೂನೆಯ ವಿಷಯ. ನಿನ್ನೆ ಸಂಜೆ ನಾನೇ ಅವನ ಮನೆಗೆ ಹತ್ತಿ ಹೋದೆ. ಅವನು ಬಾಗಿಲು ತೆಗೆಯುತ್ತಲೇ ಹೇಳಿದೆ: ಆ ಬಟ್ಟೆ ನನ್ನದು, ಯೋಸ್ಟ್‌ನದಲ್ಲ, ಲುಂಡ್‌ಗೆ ನನ್ನ ಮಗಳಿಗೆ ಕಳಿಸಿದ ದೂರನ್ನು ವಾಪಸ್ಸು ತೆಗೆದುಕೋ. ಇಡೀ ದಿನ ಮನಸ್ಸಿನಲ್ಲಿ ತಿದ್ದಿ ತೀಡಿ ಇಟ್ಟುಕೊಂಡಿದ್ದ ಮಾತು.

"ಗೊತ್ತು" ಎಂದ ರೂನೆ. "ಕಾಫಿ ಕುಡೀತೀಯಾ?"

"ಏನು ಗೊತ್ತು?"

"ನಿಂದು ಅಂತ. ಮೂಲೇಲಿ ನಿನ್ನ ಹೆಸರು ಕೆಂಪು ದಾರದಲ್ಲಿ ಬರ್ದಿದೆ, ಡಾಗ್ನಿ. ರೈಲು ಓಡಿಸಿದವನಿಗೆ ಕೆಂಪು ಕಾಣಲ್ಲ ಅಂದ್ಕೊಂಡ್ಯಾ?"

"ಹೊದಾನ್‌ಗೆ?"

"ಅವಳ್ಗೆ ನನಗಿಂತ ಮುಂಚೆ ಗೊತ್ತು. ಅವಳೇ ತಾನೆ 'ನಿಮ್ಮ ತಾಯೀನಾ' ಅಂತ ಕೇಳಿದ್ದು. ನಂಗೆ ನಗು ತಡ್ಯೋಕಾಗ್ದೆ ಇನ್ನೂ ಜೋರಾಗಿ ಕೂಗ್ದೆ."

"ಮತ್ತೆ ದೂರು ಯಾಕೆ ಬರ್ದೆ, ಮುದಿಯಾ?"

"ಕೂಗಾಡಿದ ಮೇಲೆ ಕಾರ್ಯದರ್ಶಿ ವರದಿ ಬರೀಬೇಕಲ್ಲ. ಬರೀದೆ ಬಿಟ್ಟಿದ್ರೆ ನಾಟಕ ಅಂತ ಗೊತ್ತಾಗ್ಬಿಡ್ತಿತ್ತು."

"ಯಾರಿಗೆ ಗೊತ್ತಾಗ್ತಿತ್ತು?"

"ನಿನಗೆ!" ಎಂದ.

ಆಗ ನನಗೆ ಬಂದ ಕೋಪವನ್ನು ಬರೆಯಲು ಈ ಪೆನ್ನು ಸಾಲದು. ನನ್ನನ್ನು, ನನ್ನನ್ನು, ಈ ಜನ ಕಾಪಾಡುತ್ತಿದ್ದಾರಂತೆ! ಮೊದಲ ಮಹಡಿಯಿಂದ ಮೂರನೆಯವರೆಗೆ ಎಲ್ಲರಿಗೂ ಗೊತ್ತಂತೆ. ಮಾತು ಕಟ್ಟಡದೊಳಗೇ ಉಳಿದಿದ್ದರೆ ಒಬ್ಬರಿಗೂ ತೊಂದರೆಯಿರಲಿಲ್ಲ. ಅದು ದೂರಾಗಿ ಲುಂಡ್‌ಗೆ ಹೋಯಿತು. ಅಲ್ಲಿ ಕೂತ ನೀನು, ಬೆಡ್‌ಶೀಟು ಕಣ್ಣಾರೆ ನೋಡದೆ, ಬರೆದದ್ದನ್ನೆಲ್ಲ ನಿಜವೆಂದು ಓದಿಕೊಂಡೆ. ರೂನೆ ಇದನ್ನು ಯೋಚಿಸಿರಲಿಲ್ಲವಂತೆ. ಹಳಿ ಎಲ್ಲಿಯವರೆಗಿದೆಯೋ ಅಲ್ಲಿಯವರೆಗೆ ಓಡಿಸುವವನು, ಮುಂದೆ ಏನಿದೆ ಎಂದು ಅವನಿಗೇಕೆ?

ಅವನ ಮನೆಯಿಂದ ಇಳಿದು ಬರುವಾಗ ಒಂದೊಂದೇ ನೆನಪಾಯಿತು. ಈ ವಸಂತದಲ್ಲಿ ನಾನು ಬಟ್ಟೆ ಬುಟ್ಟಿ ಹಿಡಿದು ಬಾಗಿಲು ತೆರೆದರೆ ಹೊದಾನ್‌ಗೂ ಸರಿಯಾಗಿ ಆಗಲೇ ಕೆಳಗೆ ಹೋಗುವ ಕೆಲಸ. "ಅಮ್ಮ, ನಾನೂ ಅಲ್ಲಿಗೇ ಹೊರಟಿದೀನಿ, ಕೊಡಿ" ಎನ್ನುತ್ತಾಳೆ, ಅವಳ ಕೈಯಲ್ಲಿ ಒಗೆಯುವ ಬಟ್ಟೆ ಒಂದೂ ಇರುವುದಿಲ್ಲ. ನೆಲಮಾಳಿಗೆಯ ಕಬ್ಬಿಣದ ಬಾಗಿಲು ಗುರುವಾರ ಮಾತ್ರ ಯಾರೋ ಮರೆತ ಹಾಗೆ ತೆರೆದಿರುತ್ತದೆ. ಬಾಗಿಲು ಮುಚ್ಚಿಡಿ ಎಂದು ನಾನೇ ಚೀಟಿ ಅಂಟಿಸಿದ್ದೆ. ಅಂಟಿಸಿದ ಮೇಲೂ ತೆರೆದೇ ಇತ್ತು. ನಾನು ಅದನ್ನು ಅಶಿಸ್ತು ಎಂದುಕೊಂಡಿದ್ದೆ.

ನನ್ನ ಚೀಟಿಗೆ ಇಲ್ಲಿ ಯಾರೂ ಹೆದರುತ್ತಿರಲಿಲ್ಲ ಎಂದು ಕಾಣುತ್ತದೆ. ಇಷ್ಟು ವರ್ಷ! ಇದನ್ನು ನಿನ್ನ ಅಧ್ಯಯನದಲ್ಲಿ ಎಲ್ಲಿ ಬೇಕೋ ಅಲ್ಲಿ ಬರೆದುಕೋ. ನನಗೆ ಇದರಿಂದ ಸಂತೋಷವೇನೂ ಆಗಿಲ್ಲ.

ನಮ್ಮ ಕಟ್ಟಡದಲ್ಲಿ ಈಗಲೂ ಮೈ-ಲಿಸ್ ಇದ್ದಿದ್ದರೆ ಇದಾವುದೂ ಆಗುತ್ತಿರಲಿಲ್ಲ. ಶರತ್ಕಾಲದಲ್ಲಿ ಅವಳ ಮಕ್ಕಳು ಅವಳನ್ನು ವೃದ್ಧರ ಮನೆಗೆ ಸೇರಿಸಿದರು. ಅದಕ್ಕೆ ಮುಂಚೆ ಪ್ರತಿ ಗುರುವಾರ ಬೆಡ್‌ಶೀಟಿನ ಒಂದು ತುದಿ ಅವಳು, ಒಂದು ತುದಿ ನಾನು. ಚೆನ್ನಾಗಿ ಎಳೆದು, ಕೊಡವಿ, ಮೂಲೆಗೆ ಮೂಲೆ ಕೂಡಿಸಿ, ಆಮೇಲೆ ಸುಕ್ಕು ತೆಗೆಯುವ ಉರುಳೆಗೆ ಕೊಡುವುದು. ಎಳೆಯುವಾಗ ಅವಳು ಯಾವಾಗಲೂ ಕೊನೆಯಲ್ಲಿ ಒಂದು ಜಗ್ಗು ಹೆಚ್ಚು ಹಾಕುತ್ತಿದ್ದಳು, ನಾನು ಮುಗ್ಗರಿಸಲಿ ಎಂದು. ಅವಳು ಹೋದ ಮೇಲೆ ನಾನು ಒಂದು ತುದಿಯನ್ನು ಬಾಗಿಲ ಹಿಡಿಕೆಗೆ ಕಟ್ಟಿ ಎಳೆಯಲು ಕಲಿತೆ. ನಡೆಯುತ್ತದೆ. ಬಾಗಿಲು ಮಾತಾಡುವುದಿಲ್ಲ ಅಷ್ಟೆ.

ನಿನ್ನ ಯೋಸ್ಟ್ ಕೆಲವು ವಾರ ಸ್ಟೂಲಿನ ಮೇಲೆ ಕೂತು ಇದನ್ನು ನೋಡಿ ಬರೆದುಕೊಂಡ. ಆಮೇಲೊಂದು ದಿನ ಎದ್ದು ಬಂದು ಹಿಡಿಕೆಯಿಂದ ಗಂಟು ಬಿಚ್ಚಿ ಆ ತುದಿ ತಾನು ಹಿಡಿದ. "ನಿಮ್ಮ ನಿಯಮ?" ಎಂದೆ. "ಹಿಡಿಕೆ ಕಿತ್ಕೊಂಡು ಬರೋ ಹಾಗಿತ್ತು. ಸಂಘದ ಆಸ್ತಿ" ಎಂದ. ಎಳೆಯಲು ಬರುವುದಿಲ್ಲ ಅವನಿಗೆ, ಹಡಗಿನ ಹಗ್ಗ ಹಿಡಿದವನ ಹಾಗೆ ಹಿಡಿಯುತ್ತಾನೆ. ಆದರೂ ಅಂದಿನಿಂದ ಪ್ರತಿ ಗುರುವಾರ ಹಿಡಿದಿದ್ದಾನೆ. ಹಾಗಾಗಿ ಅವನು ನಿಯಮ ಮುರಿದಿದ್ದು ನಿಜವೇ. ನೀನು ತಿಳಿದ ಹಾಗಲ್ಲ, ಹೀಗೆ. ನಿನ್ನ ಅಂಕಿಗಳು ಇದರಿಂದ ಕೊಳೆಯಾದರೆ, ಆಯಿತು, ಕೊಳೆಯಾಗಿವೆ ಎಂದು ಬರೆದು, ಯಾವ ಕೈಯಿಂದ ಆಯಿತೆಂದೂ ಬರೆ. ಅದಕ್ಕಾಗಿ ಕೆಲಸವನ್ನೇ ಮುರಿಯುವುದು ಬೇಡ. ಅವನಿಗಿಂತ ಚೆನ್ನಾಗಿ ನೋಡಬಲ್ಲವರು ನಿನಗೆ ಸಿಗಬಹುದು. ನೋಡಿ, ಎದ್ದು ಬಂದು ತುದಿ ಹಿಡಿಯುವವರು ಸಿಗುವುದು ಕಷ್ಟ.

ನನಗೆ ಹೆಚ್ಚು ಸಿಟ್ಟಿರುವುದು ನಿನ್ನ ಮೇಲೆಯೇ, ಅದನ್ನೂ ಹೇಳಿಬಿಡುತ್ತೇನೆ. ಕ್ರಿಸ್‌ಮಸ್‌ಗೆ ಬಂದಾಗ ಹೇಳಿದೆಯಲ್ಲ: "ಅಮ್ಮ, ಬಾತ್‌ರೂಮಲ್ಲಿ ಒಂದು ಚಿಕ್ಕ ಯಂತ್ರ ಹಾಕಿಸ್ಕೋ. ಈ ವಯಸ್ಸಲ್ಲಿ ಬುಟ್ಟಿ ಹೊತ್ಕೊಂಡು ಯಾಕೆ ಮೆಟ್ಟಿಲು ಇಳೀಬೇಕು? ಇಲ್ಲಾಂದ್ರೆ ನನ್ನ ಹತ್ರ ಬಾ, ಲಿಫ್ಟ್ ಇರೋ ಮನೆ ನೋಡೋಣ." ಜಗತ್ತಿನವರೆಲ್ಲ ಯಂತ್ರ ಹಂಚಿಕೊಳ್ಳಬೇಕು, ಮನೆಗೊಂದು ಕೊಳ್ಳುವ ಚಟ ಬಿಡಿಸಬೇಕು ಎಂದು ಎರಡು ದೇಶ ತಿರುಗುವ ನೀನು, ಸ್ವಂತ ತಾಯಿಗೆ ಮಾತ್ರ ಸ್ವಂತ ಯಂತ್ರ ಕೊಂಡುಕೋ ಎನ್ನುತ್ತೀಯೆ! ಅಂದು ನಾನು ಉತ್ತರ ಕೊಡದೆ ಹ್ಯಾಮ್ ಕತ್ತರಿಸುತ್ತಾ ಕೂತೆ. ಈಗ ಕೊಡುತ್ತೇನೆ: ಬೇಡ. ಮೈ-ಲಿಸ್‌ಳಿಗೆ ಅವಳ ಮಕ್ಕಳು ಮೊದಲು ಕೊಡಿಸಿದ್ದೂ ಅಂಥದ್ದೇ ಚಿಕ್ಕ ಯಂತ್ರ. ಆಮೇಲೆ ಅವಳು ಕೆಳಗೆ ಇಳಿಯುವುದು ಕಡಿಮೆಯಾಯಿತು. ಆಮೇಲೆ ಯಾರೂ ಅವಳನ್ನು ಕಾಣಲಿಲ್ಲ. ಕಾಣದವರನ್ನು ಬೇರೆ ಕಡೆ ಸಾಗಿಸುವುದು ಸುಲಭ.

ಇಷ್ಟೇ ನಾನು ಹೇಳಬೇಕಿದ್ದದ್ದು. ಇದನ್ನು ಈಗಲೇ ಅಂಚೆಗೆ ಹಾಕಿಸುತ್ತೇನೆ, ನಾಳೆ ನಿನಗೆ ಸಿಗಬೇಕು. ಸಿಗದಿದ್ದರೆ ಅಂಚೆಯವರಿಗೂ ನನ್ನದೊಂದು ಚೀಟಿ ಹೋಗುತ್ತದೆ. ಓದಿದ ಕೂಡಲೇ ಯೋಸ್ಟ್‌ಗೆ ಫೋನು ಮಾಡು. ಅವನು ಕೊಟ್ಟ ಮಾತಿನಿಂದ ನಾನು ಅವನನ್ನು ಬಿಡಿಸಿದ್ದೇನೆ ಎಂದು ಹೇಳು, ನನ್ನಿಂದ ಅವನು ಅದನ್ನು ಕೇಳಿಸಿಕೊಳ್ಳುವುದಿಲ್ಲ. ಕ್ಷಮೆ ಕೇಳುವುದಿದ್ದರೆ ಸರಿಯಾಗಿ ಕೇಳು, ಗೊಣಗಬೇಡ. ನನ್ನಿಂದ ಕಲಿತ ದುರಭ್ಯಾಸ ಅದು. ಶುಕ್ರವಾರದ ಟಿಕೆಟ್ಟನ್ನು ವಾಪಸ್ಸು ಮಾಡಿಸು.

ನಿನ್ನ ತಾಯಿ,
ಡಾಗ್ನಿ ಲೋವ್‌ಗ್ರೇನ್

ತಾ.ಕ.: ಪೆನ್ನಿನಲ್ಲಿ ದೋಷವೇನೂ ಇಲ್ಲ. ನೀನು ಮೊದಲ ಪುಟದಲ್ಲೇ ಊಹಿಸಿರುತ್ತೀಯೆ, ನಿನ್ನನ್ನು ದಡ್ಡಿಯಾಗಿ ಬೆಳೆಸಿಲ್ಲ. ಇದನ್ನೆಲ್ಲ ಎಡಗೈಯಲ್ಲಿ ಬರೆದಿದ್ದೇನೆ. ಮಾರ್ಚಿನಿಂದ ನನ್ನ ಬಲಗೈ ನನ್ನ ಮಾತು ಕೇಳುತ್ತಿಲ್ಲ. ತಲೆಯಲ್ಲಿ ಎಲ್ಲೋ ಸಣ್ಣದಾಗಿ ರಕ್ತ ಕಟ್ಟಿತ್ತಂತೆ, ಈಗ ಅಪಾಯವಿಲ್ಲವಂತೆ, ಗುಳಿಗೆ ನುಂಗುತ್ತಿದ್ದೇನೆ. ಯೋಸ್ಟ್ ಕೆಲಸ ತಪ್ಪಿಸಿದ ಆ ದಿನ ನನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದ. ಈಚಿನ ಚೀಟಿಗಳನ್ನು ನಾನು ಹೇಳಿ ಅವನು ಟೈಪು ಮಾಡಿದ್ದು. ಆ ಗುರುವಾರ ನಾನು ಮೇಲೆ ಬಂದು ಕೂತದ್ದು ಕೈ ಮತ್ತೆ ಏಳಲಿ ಎಂದು, ಏಳಲಿಲ್ಲ. ಫೋನಿನಲ್ಲಿ ಅಳಬೇಡ, ಲಿಫ್ಟ್ ಇರುವ ಮನೆಯ ಮಾತೂ ಎತ್ತಬೇಡ. ಬರುವುದಿದ್ದರೆ ಗುರುವಾರ ಬಾ. ಯೋಸ್ಟ್‌ನನ್ನು ಅವನ ಸ್ಟೂಲಿನ ಮೇಲೆ ಕೂರಿಸಿ, ನಿಮ್ಮ ನಿಯಮದ ಹಾಗೆ ಅವನು ನೋಡಲಿ, ಬರೆದುಕೊಳ್ಳಲಿ. ಬೆಡ್‌ಶೀಟಿನ ಆ ತುದಿ ನೀನು ಹಿಡಿ. ಎಂಟು ಗಂಟೆಗೆ. ಎಂಟು ಅಂದರೆ ಎಂಟು.